ದೂರದಿಂದ ಕಂಡ ಊರು

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆಯನ್ನು ನಮ್ಮ ಹಿರಿಯರು ಎಚ್ಚರಿಕೆಯ ಮಾತಾಗಿ ಬಳಸಿದರು. ದೂರದಿಂದ ಚೆಲುವಾಗಿ ತೋರಿದ್ದೆಲ್ಲ ಹತ್ತಿರ ಹೋದಾಗ ಕಲ್ಲುಮುಳ್ಳು ಎಂಬುದು ಅದರ ತಾತ್ಪರ್ಯ. ಮಾತು ನಿಜವೇ. ಆದರೆ ದೂರವು ಹೇಳುವ ಸತ್ಯವೂ ಒಂದುಂಟು. ಊರೊಳಗೆ ಇರುವವನಿಗೆ ಬೀದಿ, ಅಂಗಡಿ, ಚರಂಡಿ, ನೆರೆಮನೆಯ ಗೋಡೆ ಇವು ಕಾಣುತ್ತವೆಯೇ ಹೊರತು ಊರು ಕಾಣುವುದಿಲ್ಲ. ಊರನ್ನು ಇಡಿಯಾಗಿ ಕಾಣಬೇಕಾದರೆ ಅದನ್ನು ಬಿಟ್ಟು ಹೊರಗೆ ಬರಬೇಕು. ಹತ್ತು ಹರದಾರಿ ನಡೆದು ಹಿಂತಿರುಗಿ ನೋಡಬೇಕು. ಆಗ ಆಕಾಶದ ಅಂಚಿನಲ್ಲಿ ಒಂದು ಗುಡ್ಡ, ಒಂದು ಗೋಪುರ, ಒಂದು ಸಾಲು ಮರ ಕೂಡಿ ಬರೆದ ಗೆರೆಯೊಂದು ಕಾಣುತ್ತದೆ. ಅದೇ ಊರಿನ ಮುಖ.

ಇಂಗ್ಲಿಷಿನವರು ಇದನ್ನು ಸ್ಕೈಲೈನ್ ಎನ್ನುತ್ತಾರೆ. ನಾವು ಬಾನಂಚು ಎಂದು ಕರೆಯಬಹುದು. ಹೆಸರು ಹೊಸದಾದರೂ ವಿಷಯ ನಮಗೆ ಹೊಸದಲ್ಲ. ನಮ್ಮ ಚಂಪೂ ಕವಿಗಳು ಪಾಲಿಸುತ್ತಿದ್ದ ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಯೂ ಒಂದು. ಕವಿಯು ಓದುಗನನ್ನು ಒಮ್ಮೆಲೇ ಪೇಟೆಬೀದಿಗೆ ತಂದು ನಿಲ್ಲಿಸುವವನಲ್ಲ. ಮೊದಲು ನಾಡು, ಬಳಿಕ ತೋಟ, ಕೆರೆ, ಅಗಳು, ಕೋಟೆ, ಕೊನೆಗೆ ಮುಗಿಲನ್ನು ಮುಟ್ಟುವ ಸೌಧಗಳ ತುದಿ. ದಾರಿಹೋಕನ ಕಣ್ಣು ಹೇಗೆ ಊರನ್ನು ಸಮೀಪಿಸುವುದೋ ಹಾಗೆಯೇ ಕಾವ್ಯವೂ ಸಮೀಪಿಸುತ್ತಿತ್ತು.

ಈ ನೋಟವನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರುಗಳ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ೧೯೯೮ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದು, ಬಳಿಕ ಕೊಪ್ಪಳ ಜಿಲ್ಲೆಯಾದ ಈ ನೆಲದಲ್ಲಿ ಎರೆಯ ಬಯಲೂ ಇದೆ, ಮಸಾರಿಯ ದಿಬ್ಬವೂ ಇದೆ, ಹೆಬ್ಬಂಡೆಗಳ ಬೆಟ್ಟಸಾಲೂ ಇದೆ. ದೂರದಿಂದ ತನ್ನನ್ನು ತೋರಿಸಿಕೊಳ್ಳುವ ಊರು, ಅಡಗಿಸಿಕೊಳ್ಳುವ ಊರು, ತೋರಿಸಲು ಏನೂ ಇಲ್ಲದ ಊರು, ಮೂರೂ ಬಗೆಯವು ಇಲ್ಲಿವೆ.

ಎಷ್ಟು ದೂರ ಕಂಡೀತು?

ಕಣ್ಣಿನ ಶಕ್ತಿ ಎಷ್ಟೇ ಇರಲಿ, ಮೊದಲು ಅಡ್ಡ ಬರುವುದು ಭೂಮಿಯ ಗುಂಡಾಕಾರ. ಇದಕ್ಕೊಂದು ಸುಲಭವಾದ ಲೆಕ್ಕವಿದೆ. ನೋಡುವವನ ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ಮೂರೂವರೆಯಿಂದ ಗುಣಿಸಿದರೆ, ದಿಗಂತವು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಹೆಚ್ಚುಕಡಿಮೆ ಸಿಕ್ಕುತ್ತದೆ. ಸಮತಟ್ಟಾದ ಬಯಲಿನಲ್ಲಿ ನಿಂತ ಮನುಷ್ಯನಿಗೆ ದಿಗಂತವು ನಾಲ್ಕೂವರೆ ಕಿಲೋಮೀಟರಿನಷ್ಟು ಮಾತ್ರ ದೂರ. ನಮ್ಮ ಕಣ್ಣಳತೆಯ ಪ್ರಪಂಚ ಇಷ್ಟು ಚಿಕ್ಕದೆ ಎಂದು ಆಶ್ಚರ್ಯವಾಗಬಹುದು. ಆದರೆ ನೋಡಬೇಕಾದ ವಸ್ತುವೂ ಎತ್ತರದಲ್ಲಿದ್ದರೆ ಅದರ ಪಾಲಿನ ದೂರವೂ ಇದಕ್ಕೆ ಕೂಡಿಕೊಳ್ಳುತ್ತದೆ. ನೂರು ಮೀಟರ್ ಎತ್ತರದ ಗುಡ್ಡದ ಪಾಲು ೩೫ ಕಿಲೋಮೀಟರ್. ಎರಡನ್ನೂ ಕೂಡಿಸಿದರೆ ೪೦ ಕಿಲೋಮೀಟರಿನಿಂದ ಆ ಗುಡ್ಡದ ನೆತ್ತಿ ಕಂಡೀತು.

ಕೊಪ್ಪಳದ ಕೋಟೆಗುಡ್ಡವನ್ನು ಸ್ಥೂಲವಾಗಿ ಈ ವರ್ಗಕ್ಕೆ ಸೇರಿಸಬಹುದು. ನೇರ ರೇಖೆಯಲ್ಲಿ ಅಳೆದರೆ ಯಲಬುರ್ಗಾ ಕೊಪ್ಪಳದಿಂದ ಸುಮಾರು ೩೩ ಕಿಲೋಮೀಟರ್, ಗಂಗಾವತಿ ಸುಮಾರು ೪೨, ಕುಷ್ಟಗಿ ಸುಮಾರು ೪೫. ಅಂದರೆ ಯಲಬುರ್ಗಾ ಈ ನೋಟದ ವೃತ್ತದ ಒಳಗೆ, ಉಳಿದೆರಡು ಅದರ ಅಂಚಿನಾಚೆಗೆ. ಇದು ಕಾಗದದ ಮೇಲಿನ ಲೆಕ್ಕ. ನೆಲವು ಮೇಜಿನಂತೆ ಮಟ್ಟಸವಾಗಿಲ್ಲ. ನಡುವೆ ಒಂದು ದಿಬ್ಬ ಎದ್ದರೆ ಹತ್ತಿರದ್ದೂ ಮರೆಯಾಗುತ್ತದೆ, ನಾವೇ ದಿಬ್ಬ ಹತ್ತಿದರೆ ದೂರದ್ದೂ ಬಯಲಾಗುತ್ತದೆ.

ಕಂಡರೂ ಎಷ್ಟು ಗಾತ್ರ ಕಂಡೀತು? ಹತ್ತು ಕಿಲೋಮೀಟರ್ ದೂರದಿಂದ ನೂರು ಮೀಟರಿನ ಗುಡ್ಡವು ಹುಣ್ಣಿಮೆಯ ಚಂದ್ರನಷ್ಟು ಎತ್ತರವಾಗಿ ತೋರುತ್ತದೆ. ನಲವತ್ತು ಕಿಲೋಮೀಟರಿನಿಂದ ಬರೀ ನೆತ್ತಿ. ಮೂರು ಮೀಟರಿನ ಮನೆಯಂತೂ ಹತ್ತು ಕಿಲೋಮೀಟರ್ ದಾಟಿದ ಮೇಲೆ ಕಣ್ಣಿನ ವಿವೇಚನೆಗೇ ಸಿಕ್ಕದು. ದೂರವು ಮನೆಗಳನ್ನು ಅಳಿಸುತ್ತದೆ, ಊರನ್ನು ಉಳಿಸುತ್ತದೆ.

ತೋರಿಸಿಕೊಂಡ ಊರು

ಕೊಪ್ಪಳವು ತನ್ನನ್ನು ತೋರಿಸಿಕೊಂಡೇ ಬಾಳಿದ ಊರು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಜೈನರಿಗೆ ಇದು ಮಹಾತೀರ್ಥ. ಅದಕ್ಕೂ ಸಾವಿರ ವರ್ಷ ಹಿಂದೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕೆತ್ತಿದ್ದು ಇಲ್ಲಿಯ ಎರಡು ಬಂಡೆಗಳ ಮೇಲೆ. ಒಂದು ಗವಿಮಠದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಈ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ೧೯೩೧ರಲ್ಲಿ. ಪಾಲ್ಕಿಗುಂಡು ಎಂಬ ಹೆಸರೇ ಅದರ ರೂಪವನ್ನು ಹೇಳುತ್ತದೆ. ಬಂಡೆಗಳ ಮೇಲೆ ಚಪ್ಪಟೆಯ ಹಾಸುಗಲ್ಲು ಕುಳಿತು ಪಲ್ಲಕ್ಕಿಯಂತೆ ಆಕಾಶದ ಎದುರು ನಿಂತಿದೆ. ಒಮ್ಮೆ ಕಂಡವರು ಅದನ್ನು ಬೇರೆ ಬಂಡೆಯೆಂದು ತಪ್ಪಿ ತಿಳಿಯಲಾರರು. ಜನಕ್ಕೆ ಹೇಳಬೇಕಾದ ಮಾತನ್ನು ಜನರ ಕಣ್ಣು ತಾನಾಗಿ ಹೋಗುವ ಕಡೆ ಬರೆಯಿಸಿದರೆಂದು ತೋರುತ್ತದೆ.

ಕೋಟೆಯ ಕಥೆಯಲ್ಲಿ ಈ ನೋಟವು ಯುದ್ಧದ ಸಾಧನವೇ ಆಯಿತು. ಟಿಪ್ಪು ಸುಲ್ತಾನನು ೧೭೮೬ರಲ್ಲಿ ಒಬ್ಬ ಪಾಳೆಯಗಾರನಿಂದ ಇದನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. ೧೭೯೦ರಲ್ಲಿ ಇಂಗ್ಲಿಷರೂ ನಿಜಾಮನ ಪಡೆಯೂ ಸೇರಿ ಮುತ್ತಿಗೆ ಹಾಕಿದಾಗ ಕೋಟೆ ಕೈವಶವಾಗಲು ಸುಮಾರು ಆರು ತಿಂಗಳೇ ಹಿಡಿಯಿತು. ಭಾರತದಲ್ಲಿ ತಾನು ಕಂಡ ಅತ್ಯಂತ ಬಲವಾದ ಸ್ಥಳಗಳಲ್ಲಿ ಇದೂ ಒಂದೆಂದು ಸರ್ ಜಾನ್ ಮಾಲ್ಕಮ್ ಹೇಳಿದ್ದಾನೆ. ೧೮೫೮ರಲ್ಲಿ ಬಂಡೆದ್ದ ಮುಂಡರಗಿ ಭೀಮರಾಯನು ಕೊನೆಯ ಹೋರಾಟಕ್ಕೆ ಆರಿಸಿಕೊಂಡದ್ದೂ ಇದೇ ಕೋಟೆಯನ್ನು. ಗುಡ್ಡದ ಮೇಲಿನ ಕೋಟೆಗೆ ಎರಡು ಲಾಭ. ಮೇಲಿರುವವನಿಗೆ ಬರುವ ದಂಡು ದೂರದಲ್ಲೇ ಕಾಣುತ್ತದೆ. ಕೆಳಗಿನವನಿಗೆ ಕೋಟೆ ದೂರದಿಂದಲೇ ಕಂಡು ಎದೆಯಲ್ಲಿ ಅಳುಕು ಹುಟ್ಟುತ್ತದೆ. ಆ ಅಳುಕು ಇಂದು ಯಾರಿಗೂ ಇಲ್ಲ. ಗದಗಿನ ಕಡೆಯಿಂದ ರೈಲಿನಲ್ಲಿ ಬರುವವರು ಗುಡ್ಡವನ್ನು ಕಂಡು ಚೀಲ ತೆಗೆದುಕೊಂಡು ಬಾಗಿಲ ಬಳಿಗೆ ಸರಿಯುತ್ತಾರೆ, ಅಷ್ಟೆ. ಹಳೆಯ ಭಯದ ಗುರುತು ಈಗ ಮನೆ ಬಂತೆಂಬ ನೆಮ್ಮದಿಯ ಗುರುತಾಗಿದೆ.

ನಡುವೆ ನಿಂತ ಗಾಳಿ

ಭೂಮಿ ಅಡ್ಡ ಬರದಿದ್ದರೂ ಗಾಳಿ ಅಡ್ಡ ಬರುತ್ತದೆ. ಬೆಟ್ಟ ನುಣ್ಣಗೆ ಕಾಣುವ ಗುಟ್ಟು ಇಲ್ಲಿದೆ. ದೂರದ ಗುಡ್ಡದಿಂದ ನಮ್ಮ ಕಣ್ಣಿಗೆ ಬರುವ ಬೆಳಕು ದಾರಿಯಲ್ಲಿ ಗಾಳಿಯ ಕಣಗಳಿಂದಲೂ ಧೂಳು ತೇವಾಂಶಗಳಿಂದಲೂ ಚೆದರಿ ಹೋಗುತ್ತದೆ. ಅದರ ಬದಲಿಗೆ ಬಿಸಿಲಿನ ಚೆದರಿದ ಬೆಳಕು ನಡುವೆ ಸೇರಿಕೊಳ್ಳುತ್ತದೆ. ದೂರ ಹೆಚ್ಚಿದಂತೆ ಗುಡ್ಡದ ಕಪ್ಪು ಕಳೆದು ನೀಲಿಯಾಗುತ್ತದೆ. ನೀಲಿಯೂ ಕಳೆದು ಬಾನಿನ ಬಣ್ಣದಲ್ಲಿ ಕರಗುತ್ತದೆ. ಉಬ್ಬುತಗ್ಗುಗಳ ನೆರಳು ಮೊದಲು ಮಾಯವಾಗುವುದರಿಂದ ಕಲ್ಲುಬೆಟ್ಟವೂ ಬೆಣ್ಣೆ ಸವರಿದಂತೆ ತೋರುತ್ತದೆ. ಗಾದೆ ಕಟ್ಟಿದವನು ಭೌತವಿಜ್ಞಾನಿಯಲ್ಲದಿದ್ದರೂ ಅವನ ಕಣ್ಣು ಸುಳ್ಳು ಹೇಳಿರಲಿಲ್ಲ.

ಧೂಳು ಹೊಗೆ ಒಂದಿಷ್ಟೂ ಇಲ್ಲದ ಗಾಳಿಯಲ್ಲಿ ಕೂಡ ನೆಲಮಟ್ಟದ ನೋಟಕ್ಕೆ ೩೦೦ ಕಿಲೋಮೀಟರಿನ ಸುಮಾರಿಗೆ ಮಿತಿ ಬಂದುಬಿಡುತ್ತದೆ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗಿ ಮಿತಿ ಹಿಗ್ಗುತ್ತದೆ. ೨೦೧೬ರಲ್ಲಿ ಪಿರಿನೀಸ್ ಪರ್ವತದ ಶಿಖರವೊಂದರಿಂದ ೪೪೩ ಕಿಲೋಮೀಟರ್ ದೂರದ ಆಲ್ಪ್ಸ್ ಶಿಖರದ ಛಾಯಾಚಿತ್ರ ತೆಗೆದರು. ಎರಡು ತುದಿಗಳೂ ಎತ್ತರದಲ್ಲಿದ್ದವು, ವೇಳೆ ಸೂರ್ಯೋದಯದ್ದು. ನಮ್ಮ ದೇಶದಲ್ಲೂ ಇಂಥದೊಂದು ಪಾಠ ಎಲ್ಲರ ಕಣ್ಣೆದುರು ನಡೆಯಿತು. ೨೦೨೦ರ ಏಪ್ರಿಲಿನಲ್ಲಿ, ಕೊರೋನಾ ಕಾಲದ ದಿಗ್ಬಂಧನದಿಂದ ವಾಹನ ಕಾರ್ಖಾನೆಗಳು ನಿಂತಿದ್ದಾಗ, ಪಂಜಾಬಿನ ಜಲಂಧರದ ಜನ ಮಾಳಿಗೆ ಹತ್ತಿ ಹಿಮಾಲಯದ ಧೌಲಾಧಾರ್ ಸಾಲನ್ನು ಕಂಡರು. ಎಷ್ಟೋ ಎಳೆಯರಿಗೆ ಅದು ಮೊದಲ ದರ್ಶನ. ಪರ್ವತ ಎಲ್ಲಿಗೂ ಹೋಗಿರಲಿಲ್ಲ. ಮುಂದಿನ ಪರದೆ ಸರಿದಿತ್ತು.

ನಮ್ಮ ಸೀಮೆಯಲ್ಲಿ ಈ ಪರದೆ ಋತುವಿನೊಡನೆ ಬದಲಾಗುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಧೂಳು ಎದ್ದು, ಕಾದ ನೆಲದ ಮೇಲೆ ಗಾಳಿ ಕುದಿದು ಬಿಸಿಲ್ಗುದುರೆ ಓಡುತ್ತದೆ. ಆಗ ಎದುರಿನ ಊರೇ ನೀರಿನಲ್ಲಿ ತೇಲಿದಂತೆ ಕಂಡರೂ ನಂಬುವಂತಿಲ್ಲ. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳಿಂದ ಬೆಳಗಿನ ಹೊತ್ತು ತೇವದ ಮುಸುಕು ಏಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಇನ್ನೊಂದು ಚಮತ್ಕಾರ ನಡೆಯುವುದುಂಟು. ನೆಲಕ್ಕೆ ಅಂಟಿದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ ಬೆಳಕಿನ ಕಿರಣ ಕೆಳಕ್ಕೆ ಬಾಗುತ್ತದೆ. ದಿಗಂತದ ಆಚೆ ಅಡಗಿದ್ದ ಗುಡ್ಡ ತುಸು ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಆದರೆ ನೋಟಕ್ಕೆ ಹೇಳಿ ಮಾಡಿಸಿದ ಕಾಲವೆಂದರೆ ಮಳೆ ಆಕಾಶವನ್ನು ತೊಳೆದುಹೋದ ಮರುದಿನದ ಬೆಳಗು.

ಅಡಗಿಕೊಂಡ ನಗರ

ಕೊಪ್ಪಳದ ಗುಣಕ್ಕೆ ನೇರ ವಿರುದ್ಧವಾದದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಮತ್ತು ಹೊಳೆಯಾಚೆಯ ವಿಜಯನಗರ. ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್‌ನು ನಗರದ ವಿಸ್ತಾರವನ್ನು ತಿಳಿಯಲೆಂದು ಒಂದು ಬೆಟ್ಟವನ್ನು ಹತ್ತಿದನು. ಕಂಡಷ್ಟೇ ಭಾಗ ರೋಮ್ ನಗರದಷ್ಟು ದೊಡ್ಡದಾಗಿ ತೋರಿತೆಂದು ಬರೆದಿಟ್ಟನು. ಆದರೆ ಪೂರ್ತಿ ಕಾಣಲಿಲ್ಲ, ಏಕೆಂದರೆ ಊರು ಹಲವು ಬೆಟ್ಟಸಾಲುಗಳ ನಡುವೆ ಹಂಚಿಹೋಗಿತ್ತು. ಅಷ್ಟು ದೊಡ್ಡ ರಾಜಧಾನಿ ದೂರದ ಶತ್ರುವಿಗೆ ತನ್ನ ಮುಖವನ್ನು ತೋರಿಸದೆ ಬಂಡೆಗಳ ಸೆರಗಿನಲ್ಲಿ ಕುಳಿತಿತ್ತು.

ಇಂದಿಗೂ ಆ ಅನುಭವ ಹಾಗೆಯೇ ಇದೆ. ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರ ಸುಮಾರು ೫೦ ಮೀಟರ್ ಎತ್ತರದ್ದು. ಬಯಲಿನಲ್ಲಿದ್ದಿದ್ದರೆ ೨೫ ಕಿಲೋಮೀಟರಿಗೂ ಆಚೆಯಿಂದ ಅದರ ಕಳಸ ಕಾಣಬೇಕಾಗಿತ್ತು. ಆದರೆ ಸುತ್ತಣ ಬೆಟ್ಟಗಳು ಅದನ್ನು ಮರೆಸುತ್ತವೆ. ಐನೂರಕ್ಕೂ ಮಿಕ್ಕ ಮೆಟ್ಟಿಲು ಹತ್ತಿ ಅಂಜನಾದ್ರಿಯ ನೆತ್ತಿಯಲ್ಲಿ ನಿಂತರೆ ಹೊಳೆ, ಬಾಳೆತೋಟ, ಗದ್ದೆ, ಬಂಡೆಗಳ ರಾಶಿ, ಅದರ ನಡುವೆ ತಿಳಿಬಣ್ಣದ ಗೋಪುರ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬೆವರು ಸುರಿಸಿದವರಿಗೆ ಮಾತ್ರ ಮುಖ ತೋರಿಸುವ ನಗರವಿದು.

ಬಯಲಿನ ಊರುಗಳು

ಗುಡ್ಡವೂ ಇಲ್ಲದ, ಗೋಪುರವೂ ಇಲ್ಲದ ಬಯಲಿನ ಊರಿಗೆ ಮುಖವೇನು? ಒಮ್ಮೆ ತರಗತಿಯಲ್ಲಿ ಪುರವರ್ಣನೆಯ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕೇಳಿದೆ: "ಊರಿಗೆ ಹೋಗುವಾಗ ನಿಮ್ಮ ಊರು ಬಂತೆಂದು ಯಾವುದನ್ನು ನೋಡಿ ತಿಳಿಯುತ್ತೀರಿ?"

ಯಲಬುರ್ಗಾ ಕಡೆಯ ಹುಡುಗನೊಬ್ಬ ಥಟ್ಟನೆ ಹೇಳಿದ: "ನಮ್ಮೂರಿಗಿಂತ ಮೊದಲ ಗಾಳಿ ಫ್ಯಾನು ಕಾಣ್ತಾವ್ರೀ ಸರ್." ಕುಷ್ಟಗಿಯ ಹುಡುಗ, "ನೀರಿನ ಟಾಕಿ ಕಂಡ್ರ ಇಳಿಯಾಕ ತಯಾರ ಆಗ್ತೀವ್ರಿ" ಎಂದ. ಮತ್ತೊಬ್ಬನಿಗೆ ಊರ ಮುಂದಿನ ಹುಣಸೆಮರ ಗುರುತು. ಕೊನೆಗೆ ಆನೆಗೊಂದಿ ಕಡೆಯ ಹುಡುಗಿ ಎದ್ದಳು: "ನಮ್ಮೂರು ದೂರದಿಂದ ಕಾಣೂದೇ ಇಲ್ರೀ ಸರ್. ತಿರುವು ದಾಟಿದ ಮ್ಯಾಲ ಒಮ್ಮೆಲೇ ಮುಂದ ಬಂದು ನಿಂದರತೈತಿ." ಐನೂರು ವರ್ಷ ಹಿಂದೆ ಪಾಯಸ್ ಕಂಡದ್ದನ್ನೇ ಅವಳು ಒಂದು ವಾಕ್ಯದಲ್ಲಿ ಹೇಳಿದ್ದಳು.

ಆ ಹುಡುಗನ 'ಗಾಳಿ ಫ್ಯಾನು' ಎಂದರೆ ವಿದ್ಯುತ್ತು ತೆಗೆಯುವ ಗಾಳಿಯಂತ್ರ. ಇಂದಿನ ಹೊಸ ಯಂತ್ರಗಳ ಕಂಬವೇ ನೂರು ಮೀಟರನ್ನು ಮೀರುವುದುಂಟು. ವಿರೂಪಾಕ್ಷ ಗೋಪುರದ ಎರಡರಷ್ಟು. ರಾತ್ರಿಯಲ್ಲಿ ಅವುಗಳ ನೆತ್ತಿಯ ಕೆಂಪು ದೀಪಗಳು ಬಯಲಿನುದ್ದಕ್ಕೂ ಮಿನುಗುತ್ತವೆ. ಸಾವಿರಾರು ವರ್ಷ ಮುಗಿಲು ಮತ್ತು ಜೋಳದ ತೆನೆ ಇವೆರಡರ ನಡುವೆ ಏನೂ ಇಲ್ಲದಿದ್ದ ಎರೆಯ ಬಯಲಿಗೆ ಈಗ ಬಾನಂಚು ಬಂದಿದೆ. ಅದು ಅಂದವೋ ಅಂದಗೇಡೋ ಎಂಬುದರಲ್ಲಿ ಜನ ಒಮ್ಮತಕ್ಕೆ ಬರಲಾರರು. ಆದರೆ ಆ ಹುಡುಗನ ಮಟ್ಟಿಗೆ ಅದು ಮನೆಯ ಗುರುತು.

ಎತ್ತರವೊಂದೇ ಹಿರಿಮೆಯಲ್ಲ ಎಂಬುದಕ್ಕೂ ಇದೇ ಬಯಲಿನಲ್ಲಿ ಸಾಕ್ಷಿಯಿದೆ. ಕುಕನೂರಿನ ಬಳಿಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ದೇಗುಲವಿದೆ. ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಆಕಾಶವನ್ನು ಮುಟ್ಟುವ ಆಸೆ ಆ ಶಿಲ್ಪಿಗಳಿಗಿರಲಿಲ್ಲ. ಕಂಬ ಕಂಬದಲ್ಲೂ ಕಣ್ಣನ್ನು ಹತ್ತಿರಕ್ಕೆ ಕರೆಯುವ ಕುಸುರಿ ಅವರದು. ದೂರದಿಂದ ನೋಡಿ ಮುಂದೆ ಹೋದವನು ಅದನ್ನು ಕಳೆದುಕೊಂಡಂತೆಯೇ.

ನೋಡುವವರು, ದಾಟುವವರು

ಇಲ್ಲಿಯವರೆಗೆ ಹೇಳಿದ್ದು ನೋಡುವವನ ಸುಖ. ಆದರೆ ಪ್ರತಿಯೊಂದು ನೋಟದ ಕೆಳಗೂ ಬಾಳುವ ಜನರಿದ್ದಾರೆ. ನೋಟವನ್ನು ಕಾಪಾಡುವ ಹಂಬಲ ಅವರ ಬಾಳಿಗೆ ಅಡ್ಡ ಬಂದರೆ ಏನು ಮಾಡಬೇಕು? ಆನೆಗೊಂದಿಯಲ್ಲಿ ಈ ಪ್ರಶ್ನೆ ಬಂದೇ ಬಂದಿತು.

ಆನೆಗೊಂದಿಯ ಜನ ಹಂಪಿಯ ದಡಕ್ಕೆ ಹೋಗಬೇಕಾದರೆ ಹೊಳೆ ದಾಟಬೇಕು. ಪಾಯಸ್‌ನ ಕಾಲದಲ್ಲೂ ದಾಟಿಸುತ್ತಿದ್ದದ್ದು ಬುಟ್ಟಿಯಾಕಾರದ ಹರಿಗೋಲೇ. ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತದೆ. ಇದಕ್ಕಾಗಿ ಆನೆಗೊಂದಿ ಮತ್ತು ತಳವಾರಘಟ್ಟಗಳ ನಡುವೆ ಸೇತುವೆಯ ಕೆಲಸ ಮೊದಲಾಯಿತು. ವಿರೂಪಾಪುರ ಗಡ್ಡೆಯ ಕಡೆ ಕಾಲುಸೇತುವೆಯೊಂದು ಏಳತೊಡಗಿತು. ಹಂಪಿಯು ೧೯೮೬ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಈ ಸೇತುವೆಗಳು ಪ್ರಾಚೀನ ನೋಟವನ್ನು ಕೆಡಿಸುತ್ತವೆ ಎಂಬ ಆಕ್ಷೇಪದ ಮೇಲೆ ೧೯೯೯ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಇಟ್ಟರು. ಕಾಲುಸೇತುವೆಯನ್ನು ಕೆಡವಲಾಯಿತು. ೨೦೦೬ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ವರ್ಷಗಳ ಕಾಲ ಅರೆಗೆಲಸವಾಗಿ ನಿಂತಿದ್ದ ದೊಡ್ಡ ಸೇತುವೆಯ ಕೆಲಸ ಮತ್ತೆ ನಡೆದಿದ್ದಾಗ, ೨೦೦೯ರ ಜನವರಿಯಲ್ಲಿ ಅದು ಕುಸಿದುಬಿದ್ದು ದುಡಿಯುತ್ತಿದ್ದವರು ಪ್ರಾಣ ಕಳೆದುಕೊಂಡರು. ಬಳಿಕ ಹೊಳೆಯ ಕೆಳಗಣ ಭಾಗದಲ್ಲಿ ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಬೇರೆ ಸೇತುವೆಯಾಯಿತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಆನೆಗೊಂದಿ ಕಡೆಯ ಆ ಹುಡುಗಿ ಒಂದೇ ಮಾತು ಕೇಳಿದಳು: "ನೋಡೂವರು ಬಂದು ನೋಡಿ ಹೋಗ್ತಾರ್ರೀ ಸರ್. ದಾಟೂವರು ನಾವು. ನಮ್ಮನ್ನ ಮೊದಲ ಕೇಳಬೇಕಿತ್ತಲ್ರೀ?"

ಆ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ಬಂಡೆ, ಹೊಳೆ, ಗೋಪುರ ಕೂಡಿದ ಆ ಬಾನಂಚು ಒಮ್ಮೆ ಒಡೆದರೆ ಮರಳಿ ಕೂಡಿಸಲಾಗದು. ಅದನ್ನು ಕಾಯಬೇಕೆಂಬುದು ಸರಿ. ಆದರೆ ಎಲ್ಲಿ ಕಟ್ಟಬಾರದು ಎಂದು ಹೇಳುವ ಬಾಯಿಯೇ ಎಲ್ಲಿ ಕಟ್ಟಬೇಕು ಎಂಬುದನ್ನೂ ಅದೇ ದಿನ ಹೇಳಬೇಕು. ಮೊದಲೇ ಕುಳಿತು ಯೋಚಿಸಿದ್ದರೆ ನೋಟಕ್ಕೆ ಮುಳ್ಳಾಗದ ಜಾಗದಲ್ಲಿ ಸೇತುವೆ ಮೊದಲೇ ಆಗುತ್ತಿತ್ತು. ನೋಟವನ್ನು ಲೋಕಕ್ಕಾಗಿ ಕಾಯುವ ಭಾರ ಹೊಳೆದಂಡೆಯ ನಾಲ್ಕು ಹಳ್ಳಿಗಳ ಹೆಗಲಿಗೆ ಮಾತ್ರ ಬೀಳುವುದು ನ್ಯಾಯವಲ್ಲ.

ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯುತ್ತಿದೆ. ಇಳಕಲ್ಲು ಕುಷ್ಟಗಿಗಳ ಸೀಮೆಯ ಕೆಂಪು ಗ್ರಾನೈಟು ಹೊರನಾಡುಗಳಲ್ಲೂ ಹೆಸರಾದದ್ದು. ಕಲ್ಲು ಕಡಿಯುವವರ ಅನ್ನವನ್ನು ಕಸಿಯಬೇಕೆಂದು ಯಾರೂ ಹೇಳಲಾರರು. ಆದರೆ ಬೆಟ್ಟವೆಂಬುದು ಬೆಳೆಯಲ್ಲ. ಕೊಯ್ದ ಮೇಲೆ ಮರುವರ್ಷ ಏಳುವುದಿಲ್ಲ. ಒಂದು ಊರಿನ ಗುಡ್ಡ ದೂರದ ನಗರದ ಮಹಡಿಯ ನೆಲಹಾಸಾದರೆ ಆ ನಗರದ ಬಾನಂಚು ಏರಿತು, ಈ ಊರಿನದು ಇಳಿಯಿತು. ಯಾವ ಗುಡ್ಡವನ್ನು ಕಡಿಯಬಹುದು, ಯಾವುದು ಊರಿನ ಮುಖವಾದ್ದರಿಂದ ಕೂಡದು ಎಂಬ ವಿವೇಚನೆಯನ್ನು ಪ್ರತಿ ಊರಿನವರೂ ಗುಡ್ಡ ಇರುವಾಗಲೇ ಮಾಡಿಕೊಳ್ಳಬೇಕು.

ಅದಕ್ಕೆ ಮೊದಲ ಹೆಜ್ಜೆ ನಮ್ಮ ಊರಿನ ಮುಖವನ್ನು ನಾವೇ ಒಮ್ಮೆ ನೋಡಿಕೊಳ್ಳುವುದು. ದಸರೆಯ ರಜೆಯಲ್ಲಿ, ಮಳೆ ನಿಂತ ಮರುಬೆಳಗ್ಗೆ, ಮಕ್ಕಳನ್ನು ಕರೆದುಕೊಂಡು ಹತ್ತಿರದ ಯಾವುದಾದರೊಂದು ಗುಡ್ಡ ಹತ್ತಿರಿ. ಕಾಣುವ ಊರುಗಳನ್ನು ಬೆರಳು ಮಾಡಿ ಹೆಸರು ಹೇಳಿಸಿರಿ. ಅಜ್ಜಿ ಹುಟ್ಟಿದ ಊರು ಯಾವ ದಿಕ್ಕಿಗಿದೆ, ಅಲ್ಲಿಯ ಗುರುತೇನು ಎಂದು ಕೇಳಿರಿ. ದೂರದಿಂದ ಗುರುತು ಹಿಡಿದ ಊರನ್ನು ಮಕ್ಕಳು ಹತ್ತಿರದಲ್ಲಿ ಕೆಡಿಸಲು ಸುಲಭವಾಗಿ ಒಪ್ಪಲಾರರು.